ಕೆಂಚನ ಕೊಬ್ಬರಿ ಚೂರು

ಭಾನುವಾರ, 9 ನವೆಂಬರ್ 2025. ದಂಡಿನಶಿವರ

ನಮ್ಮ ನಾಯಿ ಕೆಂಚ ಇವತ್ತು ಓಡಲಿಲ್ಲ. ಬರೆದು ನೋಡಿದರೂ ನಂಬಿಕೆ ಬರುತ್ತಿಲ್ಲ.

ಮರಿಯಾಗಿದ್ದಾಗ ಅವನ ಮಗ್ಗುಲಲ್ಲೇ ತೆಂಗಿನಕಾಯಿ ಬಿದ್ದಿತ್ತು. ಅಂದಿನಿಂದ ಧಪ್ ಎಂದರೆ ಸಾಕು, ಟಾರ್ ರೋಡಿಗೆ ಓಟ. ಹೋದ ಸಲ ಕಾಯಿ ಕೀಳಿಸಿದಾಗ ಲಾರಿಯಿಂದ ಕೂದಲೆಳೆಯಲ್ಲಿ ಉಳಿದ. "ತೋಟದ ಮನೇಲಿ ಈ ನಾಯಿ ಬಾಳಲ್ಲ ಕಣೇ, ತುರುವೇಕೆರೇಲಿ ಯಾರ್ಗಾದ್ರೂ ಕೊಟ್ಬುಡು," ಎಂದರು ಅತ್ತೆ.

ನಾನು ಬಿಡಲಿಲ್ಲ. ಮೊದಲು ಸಿಪ್ಪೆ ರಾಶಿಯ ಮೇಲೆ ಮೆಲ್ಲಗೆ ಕಾಯಿ ಹಾಕಿ, ಸದ್ದಾದ ಕೂಡಲೇ ಚೂರು ಕೊಬ್ಬರಿ ತಿನ್ನಿಸಿದೆ. ಆಮೇಲೆ ಬರಿ ನೆಲಕ್ಕೆ, ಆಮೇಲೆ ಅಟ್ಟದ ಮೇಲಿಂದ. "ಮಾರೋ ಗಿಟಕು ಕೊಬ್ಬರೀನ ನಾಯಿಗೆ ಹಾಕ್ತಾರೇನೇ!" ಎಂದು ಅತ್ತೆ ಗೊಣಗಿದ್ದೇ ಗೊಣಗಿದ್ದು.

ಇವತ್ತು ಕಾಯಿ ಕೀಳಿಸುವಾಗ ಮೊದಲ ಗೊನೆ ಬಿದ್ದೊಡನೆ ಕಣ್ಣು ಮುಚ್ಚಿಕೊಂಡವಳು ನಾನೇ. ತೆರೆದರೆ ಕೆಂಚ ನಡುಗುತ್ತಾ ಕೊಬ್ಬರಿ ಕಟ್ಟಿಕೊಂಡಿದ್ದ ನನ್ನ ಸೆರಗಿನ ಗಂಟು ಮೂಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅತ್ತೆಯೇ ಕೊಬ್ಬರಿ ಹೆಚ್ಚಿ ಹಾಕುತ್ತಿದ್ದರು. "ತಿನ್ನು ಕಣ್ಲಾ, ನಿಂದೇ ತೋಟ."

ರಟ್ಟೆ ನೋಯುತ್ತಿದೆ. ಇನ್ನು ಮಲಗಬೇಕು...

ಈಗ ತೋಟದಲ್ಲಿ ಒಂದು ಕಾಯಿ ತಾನಾಗಿ ಬಿತ್ತು. ನನ್ನ ಎದೆ ಧಸಕ್ಕೆಂದಿತು. ಕೆಂಚ ಆಗಲೇ ಬಾಗಿಲು ಕೆರೆಯುತ್ತಿದ್ದಾನೆ, ತನ್ನ ಚೂರು ಕೇಳಲು.