ಸ್ಟೇಷನ್ನಿನಲ್ಲಿ ಕುಳಿತವಳು

ಕುಂದಗೋಳ
12 ಮಾರ್ಚ್ 2024

ಪ್ರೀತಿಯ ತಮ್ಮ ಸುಭಾಸ,

ನೀನೂ ಸುವರ್ಣಾಳೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಫೋನು ಎರಡು ಸಲ ಬಂದರೂ ಎತ್ತಲಿಲ್ಲ, ಸಿಟ್ಟಾಗಬೇಡ. ಇದನ್ನು ಬಾಯಿಂದ ಹೇಳಲು ನನ್ನಿಂದಾಗದು.

ನಮ್ಮ ಹುಟ್ಟೂರಿನ ಶಾಲೆಗೆ ನೂರು ವರ್ಷ ತುಂಬಿತು. ನೆನಪಿನ ಸಂಚಿಕೆಗೆ ಹಳೆಯ ಸ್ಟೇಷನ್ನಿನ ಇತಿಹಾಸ ಬರೆದುಕೊಡಿ ಎಂದು ಹೆಡ್‌ಮಾಸ್ತರರು ಗಂಟುಬಿದ್ದರು. ಸಣ್ಣ ಹಳಿಯ ಕಾಲದಲ್ಲಿ ಹತ್ತಿ, ಮೆಣಸಿನಕಾಯಿ ಎಲ್ಲ ಅಲ್ಲಿಂದಲೇ ಹೋಗುತ್ತಿತ್ತು. ದೊಡ್ಡ ಹಳಿ ಬಂದಾಗ ಮಾರ್ಗ ಆಚೆ ಸರಿದು, ಸ್ಟೇಷನ್ ಹೊಲದ ನಡುವೆ ಉಳಿದುಬಿಟ್ಟಿತು. ಅಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಮುದಕಪ್ಪ ಕಾಕಾನನ್ನು ಕರೆದುಕೊಂಡು ಹೋದೆ. ಈಗ ಅವನಿಗೆ ಕಣ್ಣು ಕಾಣುವುದಿಲ್ಲ. ನಾನು ಯಾರ ಮಗಳೆಂದು ಹೇಳಲಿಲ್ಲ.

ಮಟಮಟ ಮಧ್ಯಾಹ್ನ. ಬಿಸಿಲಿಗೆ ಸೋತು ಕಲ್ಲುಬೆಂಚಿನ ಮೇಲೆ ಕೂರಲು ಹೋದೆ. ಕುರುಡ ಮುದುಕ ಗಕ್ಕನೆ ನಿಂತ.

"ಸ್ವಲ್ಪ ಸರದು ಕುಂದರ್ರಿ ಬಾಯಾರ. ಅಲ್ಲೊಬ್ಬಾಕಿ ಕುಂತಾಳ."

"ಯಾರೂ ಇಲ್ಲಲ್ಲ ಕಾಕಾ?"

"ಭಾಳ ವರ್ಷ ಆತ್ರಿ. ಹುಬ್ಬಳ್ಳಿ ಗಾಡಿ ಇಳದು ಬಂದಾಕಿ. ಮೂರು ದಿನ ಅಲ್ಲೇ ಕುಂತಳು. ಹೆಸರು ಕೇಳಿದ್ರ ಹೇಳಲಿಲ್ಲ. ನಾಕನೇ ದಿನ ಕುಂತಲ್ಲೇ ಹೋಗಿದ್ಲು. ಊರಾಗ ಯಾರೂ ನಮ್ಮಾಕಿ ಅನ್ನಲಿಲ್ಲ. ಗೋದಾಮದ ಹಿಂದ ನಾನ ಮಣ್ಣು ಕೊಟ್ಟೆ."

ಬೆಂಚಿನ ತುದಿಗೆ ಕುಳಿತೆ. ಗಾಳಿಯಿರಲಿಲ್ಲ. ಆದರೂ ನನ್ನ ಕೂದಲಲ್ಲಿ ಏನೋ ಮೆಲ್ಲಗೆ ಆಡಿತು. ಹೆದರಿಕೆಯಾಯಿತು, ಎದ್ದು ಹೋಗಲು ಮಾತ್ರ ಮನಸ್ಸಾಗಲಿಲ್ಲ. ಎಷ್ಟು ಹೊತ್ತು ಕುಳಿತೆನೋ ಗೊತ್ತಿಲ್ಲ.

ಮನೆಗೆ ಬಂದಾಗ ಮಗಳು ಭಾಗ್ಯಾ ಬಾಗಿಲಲ್ಲೇ ನಕ್ಕಳು. "ಇದೇನ ಬೇ ಯವ್ವಾ, ಈ ವಯಸ್ಸಿನ್ಯಾಗ ಎರಡು ಜಡಿ ಹಾಕ್ಕೊಂಡೀ?"

ಬೆಳಿಗ್ಗೆ ನಾನು ತುರುಬು ಕಟ್ಟಿಕೊಂಡು ಹೋಗಿದ್ದೆ, ಸುಭಾಸ.

ಲೇಖನ ಬರೆಯಲಾರೆನೆಂದು ಹೇಳಿ ಕಳಿಸಿದ್ದೇನೆ. ನಿಮ್ಮಿಬ್ಬರನ್ನೂ ಶಿವ ತಣ್ಣಗೆ ಇಟ್ಟಿರಲಿ.

ನಿನ್ನ ಅಕ್ಕ,
ಸುಧಾರಾಣಿ

ತಾ.ಕ.: ನಿನಗೆ ಎರಡು ವರ್ಷವಿದ್ದಾಗ ಅವ್ವ ಜ್ವರದಿಂದ ಸತ್ತಳೆಂದು ಅಪ್ಪ ಹೇಳಿದ್ದು ಸುಳ್ಳು. ಜಗಳವಾಡಿ ಮನೆ ಬಿಟ್ಟು ಹೋಗಿದ್ದಳು. ವರ್ಷದ ಮೇಲೆ ತಿರುಗಿ ಬಂದಳು. ಯಾರೋ ಅನುಮಾನಪಟ್ಟು ಹೇಳಿದ್ದಕ್ಕೆ ಸ್ಟೇಷನ್ ಮಾಸ್ತರರು ನಮ್ಮ ಮನೆಗೆ ಹೇಳಿ ಕಳಿಸಿದಾಗ ಅಪ್ಪ ನನ್ನನ್ನೂ ಕರೆದೊಯ್ದು, ಇವಳು ಯಾರೋ ಗೊತ್ತಿಲ್ಲ ಎಂದ. ಮಾಸ್ತರರು ನನ್ನನ್ನು ಕೇಳಿದರು. ನನಗಾಗ ಒಂಬತ್ತು ವರ್ಷ. ಅಪ್ಪ ನನ್ನ ರಟ್ಟೆ ಹಿಡಿದಿದ್ದ. "ಗೊತ್ತಿಲ್ರಿ" ಅಂದೆ. ಅವ್ವ ನನ್ನನ್ನೇ ನೋಡಿದಳು. ಆಮೇಲೆ ಮಾಸ್ತರರಿಗೆ, "ಕೂಸು ಖರೇನ ಹೇಳತೈತ್ರಿ" ಅಂದಳು.