ಅಪ್ಪಯ್ಯನ ದನಿಗೆ ಆಂಪ್

ನವೆಂಬರ್ 13, ಗುರುವಾರ

ಹೆಡ್‌ಫೋನಿಗೆ ಸದ್ದು ಹೆಚ್ಚಿಸುವ ಪೋರ್ಟಬಲ್ ಆಂಪ್ ಬೇಕಾ ಬೇಡವಾ, ಇವತ್ತೂ ಕ್ಲಾಸಿನಲ್ಲಿ ಅದೇ ಟೆನ್ಶನ್. ಅಪ್ಪಯ್ಯ ತೀರಿಕೊಂಡ ಮೇಲೆ ಅವರ ದನಿ ಎಂದು ಉಳಿದಿರುವುದು ಗಂಗೊಳ್ಳಿಯ ಮೀನುಗಾರಿಕೆ ಬೋಟಿನಿಂದ ಕಳಿಸಿದ ಒಂದು ವಾಯ್ಸ್ ನೋಟ್ ಮಾತ್ರ. ಅದರ ಕೊನೆಯ ಮಾತು ಇಂಜಿನ್ ಸದ್ದಿನಲ್ಲಿ ಕೇಳುವುದೇ ಇಲ್ಲ. ಸಂಜೆ ರೂಮ್‌ಮೇಟ್ ನಿತೇಶನ ಆಂಪ್ ಹಾಕಿ ನೋಡಿದೆ. ಇಂಜಿನ್ನೇ ಜೋರಾಯಿತು.

"ನಿನ್ ಹೆಡ್‌ಫೋನಿಗೆ ಫೋನೇ ಸಾಕ್ ಮಾರಾಯಾ. ಆಂಪ್ ಹಾಕ್ರೆ ಇಂಜಿನ್ನೂ ಜೋರಾತ್ತ್, ಎಂತ ಮಾಡೂದ್?" ಎಂದ.

ಮನೆಯಲ್ಲೂ ಕೂಗಿಯೇ ಮಾತಾಡುವ ಮನುಷ್ಯ ಅಪ್ಪಯ್ಯ. ಆ ನೋಟ್ ಕಳಿಸುವಾಗ ಮಾತ್ರ, ಹಾಸ್ಟೆಲಿನಲ್ಲಿ ನನಗೆ ಸ್ಟಡಿ ಅವರ್ ಎಂದು, ಬೋಟಿನಲ್ಲಿ ಇಂಜಿನ್ ಪಕ್ಕ ಕೂತು ದನಿ ತಗ್ಗಿಸಿದ್ದರು. ಅದಕ್ಕೆ ಯಾವ ಆಂಪ್ ಏನು ಮಾಡೀತು? ನಾಳೆ ವಾಪಸ್ ಕೊಡುತ್ತೇನೆ.

"ಉಂಡ್ಯಾ ಮಗಾ?" ನೋಟಿನ ಮೊದಲಿನ ಅಷ್ಟು ಮಾತ್ರ ಸರಿಯಾಗಿ ಕೇಳುತ್ತದೆ. ಇಲ್ಲ ಅಪ್ಪಯ್ಯ, ನಾನು ಇವತ್ತು ಮೆಸ್ಸಿಗೆ ಹೋಗಲೇ ಇಲ್ಲ.