ಕಾಣದ ಹೊಲಿಗೆಗೆ ಜಾಹೀರಾತು

ನವೆಂಬರ್ 4, ಸೋಮವಾರ

ಬೆಳಿಗ್ಗೆಯಿಂದ ಒಂದೇ ಕೋಟು. ಮೊಣಕೈ ಹತ್ತಿರ ನುಸಿ ತಿಂದ ಮೂರು ತೂತು. ಒಳಮಡಿಕೆಯಿಂದ ನೂಲು ಎಳೆದುಕೊಂಡು ಎರಡನ್ನು ರಫು ಮಾಡಿ ಮುಚ್ಚಿದೆ. ಮೂರನೆಯದಕ್ಕೆ ಕೂರುವಷ್ಟರಲ್ಲಿ ಡ್ರೈಕ್ಲೀನರ್ ಬಂದು ನನ್ನ ಮೇಜಿನ ಅಂಚಿಗೆ ಕೈಯೂರಿ ನಿಂತ. ಅಂಗಡಿ ಅವನದು, ಮೂಲೆ ಮಾತ್ರ ನನ್ನದು. ಹಾಗೆ ನಿಂತನೆಂದರೆ ಏನೋ ಇದೆ.

"ಬೇಜಾರು ಮಾಡ್ಕೋಬೇಡಿ ಅಮ್ಮ. ಸ್ಟೀಮ್ ಪ್ರೆಸ್ ಮೆಷಿನ್ ಬುಕ್ ಮಾಡಿದೀನಿ. ಎಲ್ಲಿಡಲಿ ಹೇಳಿ?"

"ನನ್ನ ತಲೆ ಮೇಲಿಡು."

ನಕ್ಕ. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ರಫುಗೆ ಈಗ ವಾರಕ್ಕೆ ಎರಡು ಬಟ್ಟೆ ಬಂದರೆ ಹೆಚ್ಚು. ತಿಂಗಳ ಕೊನೆಯೊಳಗೆ ದಿನಕ್ಕೆ ಒಂದಾದರೂ ಬರುವಂತಾದರೆ ಮೆಷಿನ್ ಹಿಂದಿನ ಕೋಣೆಗೆ ಹೋಗುತ್ತದಂತೆ. ಇಲ್ಲವಾದರೆ ನನ್ನ ಜಾಗಕ್ಕೆ.

ಇಪ್ಪತ್ತೇಳು ವರ್ಷ ಈ ಕಿಟಕಿ ಪಕ್ಕ. ಮೇಜು ಎಲ್ಲಾದರೂ ಸಿಕ್ಕೀತು... ಈ ಬೆಳಕು ಸಿಗಬೇಕಲ್ಲ. ನಮ್ಮ ಮನೆಯಲ್ಲಿ ಹಗಲಲ್ಲೂ ಲೈಟು ಹಾಕಬೇಕು. ಲೈಟಿನಲ್ಲಿ ಕಪ್ಪು ಯಾವುದು, ಕಡುನೀಲಿ ಯಾವುದು, ಈ ಕಣ್ಣಿಗೆ ತಿಳಿಯುವುದಿಲ್ಲ. ಕಿಟಕಿ ಹೋದರೆ ಕಸುಬೇ ಹೋದಂತೆ.

ನವೆಂಬರ್ 7, ಗುರುವಾರ, ಸಂಜೆ

ಸೊಸೆ ಬಿಡಲಿಲ್ಲ. ಲೈಬ್ರರಿ ಮಹಡಿಯಲ್ಲಿ ಗುರುವಾರ ಗುರುವಾರ ಕ್ಲಾಸಂತೆ, ನಾಲ್ಕು ವಾರ. ಸಣ್ಣ ಕಸುಬಿನವರು ತಮ್ಮ ಕೆಲಸವನ್ನು ಜನಕ್ಕೆ ತಿಳಿಸುವುದು ಹೇಗೆ ಎಂದು. ನನ್ನನ್ನು ಕೇಳುವ ಮೊದಲೇ ಹೆಸರು ಬರೆಸಿ ಬಂದಿದ್ದಾಳೆ.

ಹನ್ನೊಂದು ಜನ. ಕೇಕ್ ಮಾಡುವವಳು, ಬೀಗ ರಿಪೇರಿಯವನು, ಗಿಟಾರ್ ಕಲಿಸುವವನು... ಎಲ್ಲರಿಗಿಂತ ಹಿರಿಯಳು ನಾನು. ಕಲಿಸುವ ಮೇಡಂ ನನ್ನ ಸೊಸೆಗಿಂತ ಚಿಕ್ಕವಳು. ಮೊದಲ ಪಾಠ: ಗಿರಾಕಿ ಯಾರು? ಊರಿಗೆಲ್ಲ ಕೇಳುವಂತೆ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲವಂತೆ. ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಬೇಕಂತೆ. ಒಪ್ಪಿದೆ.

"ಅಮ್ಮ, ನಿಮ್ಮ ಕೆಲಸದ ವಿಶೇಷ ಏನು? ಒಂದೇ ಮಾತಲ್ಲಿ ಹೇಳಿ."

"ನಾನು ಕೆಲಸ ಮಾಡಿದೀನಿ ಅಂತ ಯಾರಿಗೂ ಗೊತ್ತಾಗಲ್ಲ."

ಬೀಗದವನು ಹಿಂದಿನಿಂದ, "ನಂದೂ ಅದೇ ಮೇಡಂ. ಆದ್ರೆ ನಾನು ಹಾಗೆ ಬೋರ್ಡ್ ಹಾಕಿದ್ರೆ ಪೊಲೀಸ್ನೋರು ಬರ್ತಾರೆ" ಎಂದ. ಎಲ್ಲರೂ ನಕ್ಕರು. ನಾನೂ.

ಮನೆಗೆ ಬರುವಾಗ ನಗು ಇರಲಿಲ್ಲ. ಕಾಣಿಸಬಾರದು ಎಂದೇ ಮಾಡುವ ಕೆಲಸವನ್ನು ಏನೆಂದು ತೋರಿಸುವುದು?

ನವೆಂಬರ್ 14, ಗುರುವಾರ

ಫೋಟೊ ಪಾಠ. 'ಮುಂಚೆ' ಒಂದು, 'ಆಮೇಲೆ' ಒಂದು, ಪಕ್ಕಪಕ್ಕ. ಫೋನಿನಲ್ಲಿ ಊರವರ ಗ್ರೂಪಿಗೆ ಹಾಕಿದರಾಯಿತು, ಮಾತೇ ಬೇಡ.

ನಮ್ಮಲ್ಲಿ ಫೋಟೊಗೆ ಬರವಿಲ್ಲ. ನನ್ನ ಭೂತಕನ್ನಡಿ ಮಸುಕಾದಾಗಿನಿಂದ ಸೊಸೆ ಕಷ್ಟದ ಬಟ್ಟೆಗಳನ್ನು ಫೋನಿನಲ್ಲಿ ಹಿಡಿದು ದೊಡ್ಡದು ಮಾಡಿ ತೋರಿಸುತ್ತಾಳೆ. ಎಳೆ ಎಣಿಸಲು. ಕೆಲಸ ಮುಗಿದ ಮೇಲೂ ಒಂದು ಹಿಡಿದಿಡುತ್ತಾಳೆ. ಇಬ್ಬರೂ ಕೂತು ಹುಡುಕಿದೆವು. ಕೊನೆಗೆ ಆ ಶಾಲು.

ಹೊಗೆಬಣ್ಣದ ಉಣ್ಣೆ, ಅಂಚಿಗೆ ಹಸಿರು ಎಲೆಸಾಲು. ಮೇ ತಿಂಗಳಲ್ಲಿ ಅಂಚೆ ಕಚೇರಿಯ ಹುಡುಗಿ ತಂದದ್ದು. ಶಾಲು ಅವಳ ಅಕ್ಕನದು, ತೀರಿಕೊಂಡ ಅಮ್ಮ ಹೊದೆಯುತ್ತಿದ್ದದ್ದು. ಅಕ್ಕ ಪರ ಊರಿಗೆ ಹೋಗಿದ್ದಾಗ ಕೇಳದೆ ಒಂದು ದಿನ ಹೊದ್ದುಕೊಂಡು, ಮಡಿಸಿಡುವ ಮುನ್ನ ಇಸ್ತ್ರಿ ಮಾಡಲು ಹೋಗಿ ಹೆಗಲ ಹತ್ತಿರ ಎರಡು ಬೆರಳಗಲ ಸುಟ್ಟಿದ್ದಳು. "ಯಾರಿಗೂ ಗೊತ್ತಾಗ್ಬಾರ್ದು ಅಮ್ಮ" ಎಂದು ನೂರು ಸಲ ಹೇಳಿದ್ದಳು. ಮೂರು ಹಗಲು ಕೂತೆ. ಅಂಥ ಕೆಲಸ ನನ್ನ ಕೈಯಿಂದ ಹಿಂದೆ ಬಂದದ್ದಿಲ್ಲ.

"ಅವರನ್ನ ಒಂದ್ಮಾತು ಕೇಳ್ಬೇಡ್ವಾ ಅತ್ತೆ?"

"ಮುಖ ಇಲ್ಲ, ಹೆಸರಿಲ್ಲ. ಬಟ್ಟೆಗೆ ಏನು ಕೇಳೋದು? ಹಾಕು."

ನವೆಂಬರ್ 16, ಶನಿವಾರ

ಎರಡು ದಿನಕ್ಕೆ ಹನ್ನೊಂದು ಬಟ್ಟೆ. ಒಬ್ಬರು ಊರಾಚೆಯಿಂದ ಬಸ್ಸು ಹತ್ತಿ ಬಂದರು. ಡ್ರೈಕ್ಲೀನರ್ ಆ ಫೋಟೊವನ್ನು ಬಾಗಿಲಗಲ ಪ್ರಿಂಟ್ ಹಾಕಿಸಿ ಮುಂದಿನ ಗಾಜಿಗೆ ತೂಗುಹಾಕಿದ್ದಾನೆ. "ಮೆಷಿನ್ ಹಿಂದಕ್ಕೆ ಹೋಯ್ತು ಅಂದ್ಕೊಳ್ಳಿ ಅಮ್ಮ."

ನನ್ನ ಕೆಲಸವನ್ನು ಅಷ್ಟು ದೊಡ್ಡದಾಗಿ ನಾನೇ ನೋಡಿರಲಿಲ್ಲ. ರಸ್ತೆ ದಾಟಿ ಆಚೆಯಿಂದ ನಿಂತು ನೋಡಿದೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ಎರಡು ಸಲ ದಾಟಿದೆ.

ನವೆಂಬರ್ 20, ಬುಧವಾರ

ಗಾಜಿನ ಆಚೆ ಯಾರೋ ಬಹಳ ಹೊತ್ತು ನಿಂತಿದ್ದರು. ಗಿರಾಕಿ ಅಂದುಕೊಂಡೆ. ಅಂಚೆ ಕಚೇರಿಯ ಹುಡುಗಿ.

"ನಮ್ಮಕ್ಕ ದಿನಾ ಇಳಿಯೋದು ಎದುರಿನ ಸ್ಟಾಪಲ್ಲೇ, ಅಮ್ಮ."

ಕುರ್ಚಿ ಎಳೆದೆ. ಕೂರಲಿಲ್ಲ.

"ಒಂದೇ ಮನೆ, ಒಂದೇ ಅಡುಗೆಮನೆ. ಮೂರು ದಿನದಿಂದ ಮಾತಿಲ್ಲ. ಬೈದಿದ್ರೂ ಚೆನ್ನಾಗಿತ್ತು. ಒಂದೇ ಮಾತು ಅಂದಳು. 'ಸುಟ್ಟಿದ್ದಕ್ಕಲ್ಲ ಬೇಜಾರು, ಆರು ತಿಂಗಳು ನಾನು ಹೊದ್ಕೊಂಡು ಓಡಾಡೋದನ್ನ ನೋಡ್ಕೊಂಡು ಸುಮ್ಮನಿದ್ಯಲ್ಲ, ಅದಕ್ಕೆ' ಅಂತ. ನಿಮಗೆ ಹೇಳಿದ್ದೆ ತಾನೆ?"

"ಹೇಳಿದ್ದೆ ಕಣಮ್ಮ."

ಅಷ್ಟೇ. ಹೋದಳು.

ಜನರ ಮುಖ ಮರೆತೇನು, ಬಟ್ಟೆ ಮರೆಯುವವಳಲ್ಲ. ಅಂಚು ನೋಡಿದರೆ ಸಾಕು, ಯಾರದೆಂದು ಹೇಳುತ್ತೇನೆ. ಬೇರೆಯವರಿಗೂ ತಮ್ಮ ಬಟ್ಟೆ ಹಾಗೇ ಎಂದು ಹೊಳೆಯಲಿಲ್ಲವಲ್ಲ.

ಸೊಸೆಗೆ ಫೋನ್ ಮಾಡಿ ಗ್ರೂಪಿನಿಂದ ಫೋಟೊ ಅಳಿಸಿಹಾಕಿಸಿದೆ. ಗಾಜಿನದು ಹಾಗೇ ಇದೆ. "ಅವರಿಗೆ ಗೊತ್ತಾಗಿಹೋಯ್ತಲ್ಲ. ಈಗ ತೆಗೆದು ಏನು ಬಂತು?" ಎಂದ ಡ್ರೈಕ್ಲೀನರ್. ವಾದ ಮಾಡಬಹುದಿತ್ತು. ಕಿಟಕಿ ಕಡೆ ನೋಡಿದೆ, ಸೂಜಿ ಎತ್ತಿಕೊಂಡೆ.

ನವೆಂಬರ್ 21, ಗುರುವಾರ

ಈ ವಾರದ ಪಾಠ: ಗಿರಾಕಿಯಿಂದಲೇ ಒಂದು ಒಳ್ಳೆಯ ಮಾತು ಬರೆಸಿಕೊಳ್ಳಿ. ಹೋದ ವಾರವೇ ಹೇಳಿದ್ದರಿಂದ ಕ್ಲಾಸಿಗೆ ಮೊದಲು ಐದು ಜನರನ್ನು ಕೇಳಿಯೇ ಹೋಗಿದ್ದೆ. ಒಬ್ಬರೂ ಒಪ್ಪಿರಲಿಲ್ಲ. "ಬಹಳ ಚೆನ್ನಾಗಿದೆ ಅಂತ ಬರ್ಕೊಳ್ಳಿ, ಹೆಸರು ಬೇಡ. ಇದು ಹೊಸ ಪ್ಯಾಂಟು ಅಂತ ಮನೇಲಿ ಹೇಳಿದೀನಿ" ಎಂದಿದ್ದರು ಒಬ್ಬರು.

ಮೇಡಂಗೆ ಶಾಲಿನ ವಿಷಯ ಹೇಳಿದೆ. ಮುಖ ಸಪ್ಪಗಾಯಿತು. "ಒಪ್ಪಿಗೆ ತಗೊಳ್ಳೋದು ನಾಲ್ಕನೇ ವಾರದ ಪಾಠ ಅಮ್ಮ... ಮೊದಲನೇದು ಮಾಡ್ಬೇಕಿತ್ತು."

ನವೆಂಬರ್ 25, ಸೋಮವಾರ

ಆ ಹುಡುಗಿಯ ಅಕ್ಕ ಬಂದರು. ಅವರನ್ನು ಹಿಂದೆ ಕಂಡಿರಲಿಲ್ಲ, ಶಾಲು ನೋಡಿ ಎದ್ದು ನಿಂತೆ. ಹೆಗಲಿಂದ ತೆಗೆದು ಮೇಜಿನ ಮೇಲೆ ಹರಡಿದರು.

"ಎಲ್ಲಿದೆ ತೋರಿಸಿ. ಒಂದು ವಾರದಿಂದ ಹುಡುಕ್ತಿದೀನಿ. ಬಿಸಿಲಿಗೆ ಹಿಡಿದು ನೋಡಿದೆ, ಕೈಯಾಡಿಸಿ ನೋಡಿದೆ. ಸಿಗ್ತಿಲ್ಲ."

ಬೇರೆ ದಿನವಾಗಿದ್ದರೆ ಉಬ್ಬಿಹೋಗುತ್ತಿದ್ದೆ. ಶಾಲು ಮಗುಚಿ, ಅವರ ಬೆರಳು ಹಿಡಿದು ಆ ಜಾಗದ ಮೇಲಿಟ್ಟೆ. ಬೆರಳು ಅಲ್ಲೇ ನಿಂತಿತು.

"ಬಿಚ್ಚಿ."

"ತಾಯಿ, ಅವಳು ಹೆದರಿ..."

"ಅವಳ ಮಾತು ಬೇಡ. ಅಮ್ಮ ಕೊಟ್ಟಿದ್ದು ನನಗೆ. ತೂತಿದ್ರೆ ತೂತೂ ನಂದೇ. ನನಗೆ ಕಾಣ್ಬೇಕು. ಬಿಚ್ಚಿ."

ಬಟ್ಟೆ ಅವರದು. ಇಲ್ಲ ಎನ್ನಲು ನಾನು ಯಾರು? ಮೂರು ಹಗಲಿನ ಕೆಲಸ, ಇಪ್ಪತ್ತು ನಿಮಿಷ. ಎಳೆ ಎಳೆಯಾಗಿ ತೆಗೆದೆ. ನಡುವೆ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಅವರು ಅತ್ತ ತಿರುಗಿ ನಿಂತಿದ್ದರು.

ತೂತು ಮೇಲೆ ಬರುವಂತೆ ಹೊದ್ದುಕೊಂಡು ಹೋದರು.

ನವೆಂಬರ್ 26, ಮಂಗಳವಾರ

"ಗಾಜಿನ ಮೇಲಿರೋದು ಈಗ ಸುಳ್ಳು ಕಣಪ್ಪ. ಆ 'ಆಮೇಲೆ' ಇವತ್ತು ಎಲ್ಲೂ ಇಲ್ಲ."

"ಯಾರಿಗೆ ಗೊತ್ತಾಗುತ್ತೆ ಅಮ್ಮ?"

ಯಾರಿಗೂ ಗೊತ್ತಾಗದ ಹಾಗೆ ಮಾಡಿಯೇ ಅನ್ನ ಉಂಡವಳು. ನಾನು ಅವನಿಗೆ ಏನು ಬುದ್ಧಿ ಹೇಳಲಿ... ಸ್ಟೂಲ್ ಎಳೆದುಕೊಂಡು ಹತ್ತಿದೆ. ತಡೆಯಲಿಲ್ಲ. "ಬೀಳ್ತೀರ" ಎಂದು ಗೊಣಗುತ್ತ ಸ್ಟೂಲ್ ಹಿಡಿದು ನಿಂತ. ಫೋಟೊ ಸುತ್ತಿ ಅವನ ಕೈಗೆ ಕೊಟ್ಟೆ.

"ಫೋನಿಂದ ತೆಗೆದ ಮೇಲೆ ಬಂದಿರೋದು ಎರಡೇ ಬಟ್ಟೆ. ಈಗ ಇದೂ ಹೋಯ್ತು." ನೆಲ ನೋಡುತ್ತ ಹೇಳಿದ. "ಮೆಷಿನ್ ಶನಿವಾರ ಬರುತ್ತೆ ಅಮ್ಮ."

ಆಗಲಿ ಎಂದೆ.

ರಾತ್ರಿ ಊಟಕ್ಕೆ ಕೂತಾಗ ಸೊಸೆ ಹೇಳಿದಳು: "ನಿಮ್ಮದೇ ಒಂದು ಬಟ್ಟೆ ಹರಿದು, ರಫು ಮಾಡಿ ಹಾಕೋಣ ಅತ್ತೆ. ಯಾರನ್ನೂ ಕೇಳೋ ಹಾಗಿಲ್ಲ." ಬುದ್ಧಿವಂತೆ. ಹಳೆಯ ಸ್ವೆಟರ್ ತೆಗೆದೆ, ಕತ್ತರಿಯನ್ನೂ ತೆಗೆದೆ. ಚೆನ್ನಾಗಿರುವ ಬಟ್ಟೆಗೆ ಬೇಕೆಂದೇ ಕತ್ತರಿ ಹಾಕಲು ಕೈ ಏಳಲಿಲ್ಲ.

ನವೆಂಬರ್ 28, ಗುರುವಾರ

ಕೊನೆಯ ಕ್ಲಾಸಿಗೆ ಹೋಗಲಿಲ್ಲ. ಹೊರಡುವ ಹೊತ್ತಿಗೆ ಅಂಚೆ ಕಚೇರಿಯ ಹುಡುಗಿ ಬಂದಳು. ಚೀಲದಲ್ಲಿ ಶಾಲು.

"ಅವಳು ಆಫೀಸಿಗೂ ಹಾಗೇ ಹೋಗ್ತಾಳೆ, ತೂತು ಎದ್ದು ಕಾಣೋ ಹಾಗೆ. ನೋಡೋಕಾಗಲ್ಲ ಅಮ್ಮ. ಇನ್ನೊಂದ್ಸಲ ಸೇರಿಸಿಕೊಡಿ."

"ಅಕ್ಕ ಕಳಿಸಿದ್ರಾ?"

ಚೀಲದ ಬಾಯಿ ಮಡಿಸಿದಳು.

"ಮತ್ತೆ ಕೇಳದೇ ತಂದ್ಯಾ?"

"ಇವತ್ತು ಅವಳಿಗೆ ರಜೆ, ಮಲಗಿದ್ದಾಳೆ..."

ಕೈ ಸೂಜಿಯ ಡಬ್ಬಿಯ ಮೇಲಿತ್ತು. ಹಿಂದಕ್ಕೆ ಎಳೆದುಕೊಂಡೆ. "ಏಳೋದರೊಳಗೆ ಇದ್ದಲ್ಲೇ ಇಡು, ಹೋಗು. ಇಬ್ಬರೂ ಒಟ್ಟಿಗೆ ಬನ್ನಿ. ಅವರ ಬಾಯಿಂದ ಹೇಳಿದ್ರೆ ಮಾಡ್ತೀನಿ."

"ಅವಳು ಬರಲ್ಲ."

"ನೀನು ಕೇಳಿದ್ಯಾ?"

ಶನಿವಾರ ಮಧ್ಯಾಹ್ನದವರೆಗೆ ಮಾತ್ರ ನಾನಿಲ್ಲಿ ಎಂದೆ. ಏನು ದೊಡ್ಡ ಬಾಯಿ ನನ್ನದು. ಕೇಳದೇ ಮಾಡಿದವರಲ್ಲಿ ಅವಳೊಬ್ಬಳೇ ಏನಲ್ಲ.

ನವೆಂಬರ್ 30, ಶನಿವಾರ, ಬೆಳಿಗ್ಗೆ 10:30

ನೂಲಿನ ಡಬ್ಬಿಗಳು ಚೀಲಕ್ಕೆ ಹೋದವು. ಮೇಜಿನ ಮೇಲೆ ಈ ನೋಟ್‌ಬುಕ್ ಒಂದೇ. ಮೆಷಿನ್ ಬಂದು ಹೊರಗೆ ನಿಂತಿದೆ. ಅಕ್ಕ ತಂಗಿ ಬಂದರೂ ಎಲ್ಲಿ ಕೂತು ಮಾಡುವುದು? ಮೂರು ಹಗಲು ಬೇಕು. ಅದು ಆಮೇಲಿನ ಮಾತು. ಬರಲಿ ಮೊದಲು.

11:40

ಮೂರು ಬಸ್ಸು ಹೋದವು. ಮೆಷಿನ್ ಹೊರುವವರು ಅವಸರ ಮಾಡುತ್ತಿದ್ದಾರೆ. ಡ್ರೈಕ್ಲೀನರ್ ಒಮ್ಮೆ ನನ್ನ ಮುಖ ನೋಡಿ, "ಹೋಗಿ ಟೀ ಕುಡ್ಕೊಂಡು ಬನ್ನಿ" ಎಂದು ಅವರನ್ನು ಕಳಿಸಿದ. ಕಾರಣ ಕೇಳಲಿಲ್ಲ.

ಇನ್ನೊಂದು ಬಸ್ಸು. ತಂಗಿ ಇಳಿದಳು. ಕೈ ಖಾಲಿ, ಚೀಲವಿಲ್ಲ. ಒಬ್ಬಳೇ... ಅಲ್ಲ, ಹಿಂದೆ ಅಕ್ಕ. ಶಾಲು ಹೆಗಲ ಮೇಲಿದೆ. ಇಬ್ಬರ ನಡುವೆ ನಾಲ್ಕು ಹೆಜ್ಜೆ. ತಂಗಿ ರಸ್ತೆ ದಾಟಲು ನಿಂತಳು. ಅಕ್ಕ ಅಂಗಡಿ ಕಡೆ ನೋಡಿದರು, ಖಾಲಿ ಗಾಜನ್ನು ನೋಡಿದರು. ಈಗ ಹೆಜ್ಜೆ ಎತ್ತಿ ತಂಗಿಯ ಪಕ್ಕಕ್ಕೆ ಬಂದರು. ಇಬ್ಬರೂ ಒಟ್ಟಿಗೆ ರಸ್ತೆ ದಾಟುತ್ತಿದ್ದಾರೆ.